ಹಣಿಗೆಯ ಕೊನೆಯ ಹಲ್ಲು

ನನಗೆ ಬರೆಯಲು ಹೆಚ್ಚು ಬರುವುದಿಲ್ಲ. ಶಿರಗುಪ್ಪಿಯ ಸಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಕುಳಿತಿದ್ದೆ. ಆಮೇಲೆ ತಮ್ಮನನ್ನು ಎತ್ತಿಕೊಳ್ಳಲು ಆಳು ಬೇಕೆಂದು ಮನೆಯಲ್ಲಿ ಉಳಿಸಿಕೊಂಡರು. ಅಂಕಿ ಅಕ್ಷರ ನನ್ನ ಕೈಗೆ ಹತ್ತಿದ್ದು ಲೋಹದ ಪೆಟ್ಟಿಗೆಗಳ ಮೇಲೆ ನಂಬರು ಬರೆದು ಬರೆದು. ಹೀಗಾಗಿ ಒತ್ತು ದೀರ್ಘ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ನಾನು ದುಡಿದ ಕಾರಖಾನೆಗೆ ಈಗ ಹೊಸ ಹುಡುಗಿಯರು ಸೇರಿದ್ದಾರೆ. ಅವರಲ್ಲಿ ಇಬ್ಬರು ಹೋದ ತಿಂಗಳು ಮನೆಗೆ ಬಂದು, ಅಮ್ಮಾ, ಮೊದಲು ಹೇಗೆ ಮಾಡುತ್ತಿದ್ದಿರಿ ಹೇಳಿರಿ ಅಂದರು. ಹೇಳಿದೆ. ಬರೆದುಕೊಡಿರಿ ಅಂದರು. ಅದಕ್ಕೆ ಕುಳಿತಿದ್ದೇನೆ. ಪಗಾರ ಯಾವಾಗ ಏರಿತು, ಯಾವಾಗ ನನ್ನನ್ನು ಬೆಂಚಿನ ಮುಖ್ಯಸ್ಥೆ ಮಾಡಿದರು, ಅದನ್ನೆಲ್ಲ ಬಿಟ್ಟಿದ್ದೇನೆ. ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಾನು ಮಾಡಿದ ತಪ್ಪುಗಳು ಬಂದಾವು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ವಿದ್ಯುತ್ತಿನ ಯಂತ್ರಗಳು ಕಿವಿಗೆ ಕೇಳದ ಒಂದು ಗದ್ದಲ ಮಾಡುತ್ತವೆ. ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮೋಟಾರು ಶುರುವಾದರೆ ಪಕ್ಕದ ಮನೆಯ ರೇಡಿಯೋ ಕರಕರ ಅನ್ನುತ್ತದಲ್ಲ, ಅದೇ. ನಮಗೆ ಕೇಳಿಸುವುದಿಲ್ಲ, ರೇಡಿಯೋಕ್ಕೆ ಕೇಳಿಸುತ್ತದೆ, ವೈರ್‌ಲೆಸ್ಸಿಗೆ ಕೇಳಿಸುತ್ತದೆ. ಗದ್ದಲದ ಯಂತ್ರವನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಗದ್ದಲ ಒಳಗೇ ಉಳಿಯುತ್ತದೆ. ಆದರೆ ಮುಚ್ಚುವುದೆಂದರೆ ಹಿಟ್ಟಿನ ಡಬ್ಬಿ ಮುಚ್ಚಿದ ಹಾಗೆ ಅಲ್ಲ. ಮುಚ್ಚಳದ ಲೋಹ ಪೆಟ್ಟಿಗೆಯ ಲೋಹಕ್ಕೆ ಸುತ್ತಲೂ ಎಲ್ಲಿಯೂ ಬಿಡದೆ ತಾಗಬೇಕು, ಬರಿ ಮೈಗೆ ಬರಿ ಮೈ. ನಡುವೆ ಬಣ್ಣ ಬಂತು, ಎಣ್ಣೆ ಬಂತು, ಕಿಲುಬು ಬಂತು ಅಂದರೆ ಅಲ್ಲಿಂದಲೇ ಗದ್ದಲ ಹೊರಬೀಳುತ್ತದೆ. ನನ್ನ ಮೂವತ್ತು ವರ್ಷದ ಕೆಲಸ ಇಷ್ಟೇ. ನೀವು ಇದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು ಹೇಳುತ್ತೀರಿ. ನಾವು ‘ಮುಚ್ಚೂ ಕೆಲಸ’ ಅನ್ನುತ್ತಿದ್ದೆವು.

ನಾನು ಸೇರಿದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿತ್ತು. ಬೈರಿದೇವರಕೊಪ್ಪಕ್ಕೆ ಸೊಸೆಯಾಗಿ ಬಂದಿದ್ದೆ. ಗಂಡ ಮುಂಬಯಿಯ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ. ಆ ವಿಷಯ ಇಷ್ಟು ಸಾಕು. ಎರಡು ವರ್ಷದ ಮಗಳು ಇದ್ದಳು, ನೋಡಿಕೊಳ್ಳಲು ಅತ್ತೆ ಇದ್ದಳು, ದುಡಿಯುವವರು ಇರಲಿಲ್ಲ. ಆಗ ಹುಬ್ಬಳ್ಳಿ ಧಾರವಾಡದ ರಸ್ತೆಯ ಪಕ್ಕದಲ್ಲಿ, ಜಿನ್ನಿನ ಹಿಂದೆ, ಹೊಲದ ನಡುವೆ ಒಂದು ತಗಡಿನ ಶೆಡ್ಡು ಎದ್ದಿತು. ಅದರ ಸಾಹೇಬರು ಮಿಲಿಟರಿಯಲ್ಲಿ ವೈರ್‌ಲೆಸ್ ಕೆಲಸ ಕಲಿತು ಬಂದವರು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ನಾಜೂಕಿನ ಕೆಲಸಕ್ಕೆ ಕೈ ಹೊಂದುವವರು ಬೇಕಾಗಿತ್ತು. ಊರೊಳಗೆ ಬಂದು, ಕೌದಿ ಚಲೋ ಹೊಲಿಯುವವರು ಯಾರಿದ್ದಾರೆ ಅಂತ ಕೇಳಿದರು. ಜನ ನಕ್ಕರು. ನಾನೂ ಗಂಗವ್ವನೂ ಹೋದೆವು. ಗಂಗವ್ವ ನಮ್ಮ ಓಣಿಯವಳು, ನನಗಿಂತ ಐದಾರು ವರ್ಷ ದೊಡ್ಡವಳು, ಬಾಯಿ ಜೋರು.

ಶೆಡ್ಡಿನಲ್ಲಿ ನಮಗಿಂತ ಮೊದಲೇ ಒಬ್ಬರಿದ್ದರು. ಇಮಾಮಸಾಬ. ಹಳೇ ಹುಬ್ಬಳ್ಳಿಯವರು, ತಲೆತಲಾಂತರದಿಂದ ಪಾತ್ರೆಗೆ ಕಲಾಯಿ ಹಾಕುವ ಮನೆತನ. ತವರವನ್ನು ಅವರ ಹಾಗೆ ತೆಳ್ಳಗೆ ಹರಡುವವರನ್ನು ನಾನು ಮತ್ತೆ ನೋಡಲಿಲ್ಲ. ಪೆಟ್ಟಿಗೆ ಕತ್ತರಿಸುವುದು, ಮಡಚುವುದು, ಬೆಸೆಯುವುದು, ಅದರ ಬಾಯಿಯ ಅಂಚಿಗೆ ಕಲಾಯಿ ಹಾಕುವುದು, ಎಲ್ಲ ಅವರದು. ನಾವು ಅವರಿಗೆ ಕಾಕಾ ಅನ್ನುತ್ತಿದ್ದೆವು.

ಮೊದಲ ದಿನ ಸಾಹೇಬರು ನಮ್ಮ ಮುಂದೆ ಒಂದು ರೇಡಿಯೋ ಹಚ್ಚಿದರು. ಧಾರವಾಡದಿಂದ ಹಾಡು ಬರುತ್ತಿತ್ತು. ಆಮೇಲೆ ಬೆಂಚಿನ ಮೇಲಿದ್ದ ಒಂದು ಸಣ್ಣ ಯಂತ್ರಕ್ಕೆ ಬ್ಯಾಟರಿಯ ತಂತಿ ಕೊಟ್ಟರು. ಬ್ಯಾಟರಿಯ ವಿದ್ಯುತ್ತನ್ನು ಏರಿಸಿ ವೈರ್‌ಲೆಸ್ಸಿಗೆ ಕೊಡುವ ಯಂತ್ರ ಅದು. ಒಳಗೆ ಒಂದು ಲೋಹದ ನಾಲಿಗೆ ಗುಂಯ್ ಅಂತ ಕುಣಿಯುತ್ತದೆ. ಗಂಗವ್ವ ಅದಕ್ಕೆ ಅವತ್ತೇ ಗುಂಗಿ ಅಂತ ಹೆಸರಿಟ್ಟಳು, ಗುಂಗಿಹುಳದ ಹಾಗೆ ಸದ್ದು ಮಾಡುತ್ತದೆಂದು. ಕೊನೆಯವರೆಗೂ ಆ ಹೆಸರೇ ಉಳಿಯಿತು. ಗುಂಗಿ ಶುರುವಾದ ಕೂಡಲೇ ರೇಡಿಯೋದ ಹಾಡು ಸತ್ತು ಬರೇ ಗರಗರ. ಸಾಹೇಬರು ಗುಂಗಿಯನ್ನು ಎತ್ತಿ ಕಾಕಾ ಮಾಡಿದ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಒತ್ತಿದರು. ಹಾಡು ತಿಳಿಯಾಗಿ ಬಂತು. ಮುಚ್ಚಳ ಎತ್ತಿದರು, ಗರಗರ. ಒತ್ತಿದರು, ಹಾಡು. ಗಂಗವ್ವ ರೇಡಿಯೋದ ಹಿಂದೆ ಹೋಗಿ ಬಗ್ಗಿ ನೋಡಿ ಬಂದಳು. ಹಾಡು ತಿಳಿಯಾದರೆ ಪೆಟ್ಟಿಗೆ ಪಾಸು, ಇಲ್ಲವಾದರೆ ನಾಪಾಸು, ಇಷ್ಟು ತಿಳಿದರೆ ಸಾಕು ಅಂದರು ಸಾಹೇಬರು. ಹತ್ತು ವರ್ಷ ಅದೇ ನಮ್ಮ ಪರೀಕ್ಷೆಯಾಗಿತ್ತು.

ನನ್ನ ಮೊದಲ ತಪ್ಪು ಬಣ್ಣದ್ದು. ನನಗೆ ಪೆಟ್ಟಿಗೆಗೆ ಬಣ್ಣ ಹಚ್ಚಲು ಕೊಟ್ಟಿದ್ದರು. ನೋಡಿದರೆ ಹಿಂದಿನ ಪೆಟ್ಟಿಗೆಗಳ ಬಾಯಿಗೆ, ಮುಚ್ಚಳದ ಅಂಚಿಗೆ ಬಣ್ಣವೇ ಇಲ್ಲ. ಯಾರೋ ಮೈಗಳ್ಳರು ಅರ್ಧ ಹಚ್ಚಿ ಬಿಟ್ಟಿದ್ದಾರೆ ಅಂದುಕೊಂಡೆ. ಬಾಯಿ, ಅಂಚು, ಒಳಗೆ, ಹೊರಗೆ, ಮೂಲೆ ಸಂದಿ ಬಿಡದೆ ಎರಡೆರಡು ಸಲ ಹಚ್ಚಿದೆ. ಒಣಗಿದ ಮೇಲೆ ಕಾಕಾ ಗುಂಗಿ ಇಟ್ಟು ಮುಚ್ಚಿದರು. ಗರಗರ. ಇನ್ನೊಂದು ಮುಚ್ಚಿದರು. ಗರಗರ. ಅವರು ಬೈಯಲಿಲ್ಲ. ಕಿಸೆಯಿಂದ ಸಣ್ಣ ಚಾಕು ತೆಗೆದು ನನ್ನ ಕೈಗೆ ಕೊಟ್ಟು, “ಮೈಗೆ ಎಷ್ಟರೆ ಹಚ್ಚವಾ, ಬಾಯಿಗೆ ಹಚ್ಚಬ್ಯಾಡ” ಅಂದರು. ಎರಡು ದಿನ ಕೂತು ಕೆರೆದೆ. ಬೆರಳಿನ ಚರ್ಮ ಹೋಯಿತು. ಈಗಲೂ ಹೊಸ ಹುಡುಗಿಯರು ಇದನ್ನು ಮಾಡುತ್ತಾರೆಂದು ಕೇಳಿದ್ದೇನೆ. ಮಾಡುತ್ತಾರೆ. ಚೆಂದ ಕಾಣಲಿ ಅಂತ ಮಾಡುವ ತಪ್ಪು ಕೈಯಿಂದ ಬೇಗ ಹೋಗುವುದಿಲ್ಲ. ಮುಂದೆ ನನಗೆ ಇನ್ನೊಂದು ಸಲ ಅದೇ ಆಗಲಿಕ್ಕಿತ್ತು.

ಗಂಗವ್ವನ ತಪ್ಪು ತಂತಿಯದು. ಪೆಟ್ಟಿಗೆಗೆ ತೂತು ಹಾಕಿ ತಂತಿ ಒಳಗೆ ತರಬೇಕಲ್ಲ, ಆಕೆ ಗೇಣುದ್ದ ತಂತಿ ಹೆಚ್ಚಿಗೆ ಬಿಟ್ಟು ಸುತ್ತಿ ಇಡುತ್ತಿದ್ದಳು, ಮುಂದೆ ಸಾಲದೆ ಬಂದರೆ ಬೇಕಾಗುತ್ತದೆಂದು. ಹೊಲಿಯುವವರಿಗೆ ದಾರ ಹೆಚ್ಚಿಗೆ ಬಿಡುವ ರೂಢಿ. ಪೆಟ್ಟಿಗೆ ಎಷ್ಟು ಬಿಗಿಯಾಗಿ ಮುಚ್ಚಿದರೂ ರೇಡಿಯೋ ಗರಗರ ಅನ್ನುತ್ತಿತ್ತು. ಗದ್ದಲ ಆ ತಂತಿಯನ್ನು ಹತ್ತಿ ತೂತಿನಿಂದ ಹೊರಗೆ ನಡೆದು ಹೋಗುತ್ತಿತ್ತು. ಸಾಹೇಬರು ತೂತಿನ ಬಾಯಲ್ಲೇ ಒಂದು ಸಣ್ಣ ಕಂಡೆನ್ಸರ್ ಕೂಡಿಸಿ, ತಂತಿಯನ್ನು ಅಲ್ಲಿಯೇ ಗಿಡ್ಡಗೆ ಕತ್ತರಿಸಿ ತೋರಿಸಿದರು. ತಂತಿಯ ಗದ್ದಲವನ್ನು ಹೊಸ್ತಿಲಲ್ಲೇ ಇಳಿಸಿಕೊಳ್ಳಬೇಕು, ಹೊರಗೆ ಹೋದ ಮೇಲೆ ಹಿಡಿಯಲಾಗುವುದಿಲ್ಲ. ಇದನ್ನು ನೀವು ಬರೆದಿಟ್ಟುಕೊಳ್ಳಿರಿ.

ಒಂದು ಸಲ ಮಾತ್ರ ನಾನು ಸಾಹೇಬರಿಗೆ ಹೇಳಿಕೊಟ್ಟೆ. ಮೊದಮೊದಲು ಮುಚ್ಚಳಕ್ಕೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕುತ್ತಿದ್ದರು. ರೇಡಿಯೋದ ಹಾಡಿಗೆ ಅದು ನಡೆಯುತ್ತಿತ್ತು. ಆದರೆ ವೈರ್‌ಲೆಸ್ ಸೆಟ್ಟು ತಂದು ಹಚ್ಚಿದರೆ ಗರಗರ ಕೇಳುತ್ತಿತ್ತು. ಸಾಹೇಬರು ದಪ್ಪ ತಗಡು ಹಾಕಿಸಿದರು, ಆಗಲಿಲ್ಲ. ಇನ್ನೂ ದಪ್ಪ ಹಾಕಿಸಿದರು, ಆಗಲಿಲ್ಲ. ಮುಚ್ಚಳ ನೋಡುತ್ತ ತಲೆ ಕೆರೆದುಕೊಂಡು ನಿಂತಿದ್ದರು. ನಾನು ಬಾಗಿ ನೋಡಿದೆ. ಎರಡು ಸ್ಕ್ರೂಗಳ ನಡುವೆ ತಗಡು ಕೂದಲೆಳೆಯಷ್ಟು ಉಬ್ಬಿತ್ತು.

“ಸಾಹೇಬ್ರ, ನಾಕು ಮೂಲಿಗೆ ನಾಕು ಹೊಲಗಿ ಹಾಕಿದ್ರ ಅದು ಕೌದಿ ಆಗತೈತೇನ್ರಿ?” ಅಂದೆ.

ಸಾಹೇಬರು ನನ್ನನ್ನು ನೋಡಿದರು, ಮುಚ್ಚಳವನ್ನು ನೋಡಿದರು, ಕಾಕಾನ ಕಡೆ ನೋಡಿದರು. ಕಾಕಾ ಆಗಲೇ ಬೈರಿಗೆ ಹುಡುಕುತ್ತಿದ್ದರು. ಎರಡೆರಡು ಬೆರಳಿಗೆ ಒಂದು ಸ್ಕ್ರೂ ಹಾಕಿದೆವು. ವೈರ್‌ಲೆಸ್ ತಿಳಿಯಾಯಿತು. ಗಂಡಸರು ತಾವು ಮಾಡಿದ್ದನ್ನು ಹೆಂಗಸು ತಪ್ಪೆಂದರೆ ಮುಖ ಗಂಟು ಹಾಕುವುದನ್ನು ಬಹಳ ಕಂಡಿದ್ದೇನೆ. ಕಾಕಾ ಅವತ್ತು ಮಧ್ಯಾಹ್ನ ತಮ್ಮ ಬುತ್ತಿಯ ಅರ್ಧ ಶೇಂಗಾ ಚಟ್ನಿ ನನಗೆ ಹಾಕಿದರು.

ಆದರೆ ಅಷ್ಟು ಸ್ಕ್ರೂ ಬಿಚ್ಚಿ ಹಾಕುವುದು ಪೆಟ್ಟಿಗೆ ಬಳಸುವವರಿಗೆ ಬೇಸರ. ಅದಕ್ಕೆ ಸಾಹೇಬರು ಬೇರೆ ಉಪಾಯ ತಂದರು. ಪುಟಿಯುವ ಹಿತ್ತಾಳೆಯ ತೆಳು ಪಟ್ಟಿ. ಅದರ ಒಂದು ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದೊಂದು ಹಲ್ಲನ್ನೂ ಚೂರು ಬಗ್ಗಿಸಿ, ಪೆಟ್ಟಿಗೆಯ ಬಾಯಿಗೆ ಸುತ್ತಲೂ ಬೆಸೆಯಬೇಕು. ಮುಚ್ಚಳ ಒತ್ತಿದರೆ ಪ್ರತಿ ಹಲ್ಲೂ ಅದಕ್ಕೆ ತಾಗಿ ನಿಲ್ಲುತ್ತದೆ. ನೋಡಲು ತಲೆ ಬಾಚುವ ಹಣಿಗೆಯ ಹಾಗೆ, ಹೆಸರೂ ಹಣಿಗೆ ಅಂತಲೇ ಆಯಿತು. ಹಣಿಗೆ ಕತ್ತರಿಸಿ ಬಗ್ಗಿಸುವುದು ನನ್ನ ಮತ್ತು ಗಂಗವ್ವನ ಕೆಲಸ. ನಾನು ಕೌದಿಯ ಮೂಲೆ ಮಡಚಿದ ಹಾಗೆ ಪಟ್ಟಿಯ ಕೊನೆಯ ಹಲ್ಲನ್ನು ಒಳಗೆ ಮಡಚಿ ಮುಗಿಸುತ್ತಿದ್ದೆ. ಯಾರೂ ಹೇಳಿರಲಿಲ್ಲ, ಕೈಗೆ ಹಾಗೆ ಬಂದಿತ್ತು. ಗಂಗವ್ವ ಮಡಚದೆ ಬಿಡುತ್ತಿದ್ದಳು.

ಕಾಕಾ ಬೆಸುಗೆಗೆ ಮೊದಲು ನವಸಾಗರದ ಪುಡಿ ಹಚ್ಚಿ, ಕಲಾಯಿ ಹಾಕಿ, ಆಮೇಲೆ ಬಿಸಿನೀರಿನಿಂದ ತೊಳೆಯುತ್ತಿದ್ದರು. ನವಸಾಗರ ಉಳಿದರೆ ಲೋಹವನ್ನು ತಿನ್ನುತ್ತದೆ. ಪೆಟ್ಟಿಗೆ ಪೂರ್ತಿಯಾದ ಮೇಲೆ ತಳಕ್ಕೆ ತಮ್ಮ ಮೊಳೆಯಿಂದ ಅರ್ಧಚಂದ್ರದ ಗುರುತು ಹೊಡೆಯುತ್ತಿದ್ದರು. ಕಲಾಯಿಯವರು ತಮ್ಮ ಕೈಯ ಪಾತ್ರೆಗೆ ಹಾಗೆ ಗುರುತು ಹಾಕುತ್ತಾರೆ. ಹಣಿಗೆ ಯಾರೇ ಮಾಡಿರಲಿ, ಎಲ್ಲ ಪೆಟ್ಟಿಗೆಗೂ ಗುರುತು ಕಾಕಾನದೇ. ನಮಗೆ ಗುರುತು ಇರಲಿಲ್ಲ. ಇರಬೇಕು ಅಂತ ನಮಗೂ ಹೊಳೆದಿರಲಿಲ್ಲ.

ಆಗ ಒಂದು ದೊಡ್ಡ ಕೆಲಸ ಬಂತು. ಮಲಪ್ರಭೆಯ ದಂಡೆಯ ಠಾಣೆಗಳಿಂದ ಹೊಳೆಯ ನೀರು ಎಷ್ಟು ಏರಿತು ಅಂತ ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರಲ್ಲ, ಆ ಸೆಟ್ಟುಗಳ ಗುಂಗಿಗೆ ನಲವತ್ತು ಪೆಟ್ಟಿಗೆ. ಹಣಿಗೆ ಇಪ್ಪತ್ತೆರಡು ನಾನು ಮಾಡಿದೆ, ಹದಿನೆಂಟು ಗಂಗವ್ವ ಮಾಡಿದಳು. ನಲವತ್ತೂ ಪಾಸಾದವು. ಮರುದಿನ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು. ನಮ್ಮ ಕೈಯ ಬೆವರು ಹತ್ತಿ ಹಿತ್ತಾಳೆ ಕಪ್ಪಾಗಿತ್ತು. ಸಾಹೇಬರು, ಸ್ವಲ್ಪ ಒರೆಸಿ ಇಡಿರವಾ ಅಂದು ಧಾರವಾಡದ ಬಸ್ಸಿಗೆ ಹೋದರು.

ಗಂಗವ್ವ ತನ್ನ ಹದಿನೆಂಟನ್ನು ಒಣ ಬೂದಿಯಿಂದ ತಿಕ್ಕಿ ಒಣ ಬಟ್ಟೆಯಿಂದ ಝಾಡಿಸಿದಳು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಮನೆಯಿಂದ ಹುಣಸೆಹಣ್ಣು ಉಪ್ಪು ತಂದೆ. ಹಬ್ಬದ ಹಿಂದಿನ ದಿನ ದೀಪದ ಸಮೆ ತಿಕ್ಕುವ ಹಾಗೆ ಒಂದೊಂದು ಹಲ್ಲನ್ನೂ ತಿಕ್ಕಿದೆ. ಸಮೆಯನ್ನಾದರೆ ಬಾವಿಯ ಕಟ್ಟೆಗೆ ಒಯ್ದು ನೀರು ಸುರಿಯುತ್ತೇವೆ. ಪೆಟ್ಟಿಗೆಯೊಳಗೆ ನೀರು ಸುರಿಯುವ ಹಾಗಿಲ್ಲ ಅಂತ ಹಸಿ ಬಟ್ಟೆಯಿಂದ ಒರೆಸಿ ಇಟ್ಟೆ. ಮರುದಿನ ಅಧಿಕಾರಿ ಬಂದು ನನ್ನ ಪೆಟ್ಟಿಗೆಯನ್ನೇ ಕೈಗೆತ್ತಿಕೊಂಡು, ಬಂಗಾರ ಮಾಡಿಟ್ಟಿದ್ದಾರೆ ಅಂದರು. ಸಾಹೇಬರ ಮುಖ ಅರಳಿತು. ನಾನು ಗಂಗವ್ವನ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ.

ಮಳೆ ಬಿತ್ತು. ಎರಡು ತಿಂಗಳಾದ ಮೇಲೆ ಲಾರಿಯಲ್ಲಿ ಇಪ್ಪತ್ತೊಂದು ಪೆಟ್ಟಿಗೆ ತಿರುಗಿ ಬಂದವು. ಜೊತೆಗೆ ಬಂದ ಕಾಗದವನ್ನು ಸಾಹೇಬರು ನಿಂತೇ ಓದಿದರು. ಗುಂಗಿ ಶುರು ಮಾಡಿದರೆ ವೈರ್‌ಲೆಸ್ಸಿನಲ್ಲಿ ಗರಗರ ಬಿಟ್ಟು ಬೇರೇನೂ ಕೇಳುವುದಿಲ್ಲವಂತೆ. ಒಂದು ಠಾಣೆಯವನು ಹೊಳೆ ಏರಿದ ಸುದ್ದಿಯನ್ನು ಮಳೆಯಲ್ಲಿ ಸೈಕಲ್ ತುಳಿದು ಮುಂದಿನ ಊರಿಗೆ ಮುಟ್ಟಿಸಿದನಂತೆ. ಯಾರಿಗೂ ಏನೂ ಆಗಲಿಲ್ಲ. ಆಗಬಹುದಾಗಿತ್ತು.

ಪೆಟ್ಟಿಗೆ ತೆರೆದರೆ ಹಣಿಗೆಯ ಬುಡದಲ್ಲಿ ಹಸಿರು ಕಿಲುಬು. ಹಲ್ಲಿನ ಸಂದಿಯಲ್ಲೆಲ್ಲ ಕಟ್ಟಿಕೊಂಡಿತ್ತು. ತಳದಲ್ಲಿ ಅರ್ಧಚಂದ್ರ. ಸಾಹೇಬರು ಕಾಕಾನನ್ನು ಕರೆದು, ಇದು ನಿಮ್ಮ ನವಸಾಗರ ಉಳಿದದ್ದಲ್ಲವೇ ಅಂತ ಕೇಳಿದರು. ಕಾಕಾ ಪೆಟ್ಟಿಗೆ ಎತ್ತಿಕೊಂಡು ನಾಲಿಗೆಯ ತುದಿಯನ್ನು ಹಣಿಗೆಗೆ ಮುಟ್ಟಿಸಿದರು. ಕಲಾಯಿಯವರಿಗೆ ಅದು ರೂಢಿ, ತೊಳೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ನಾಲಿಗೆಯಿಂದ ನೋಡುತ್ತಾರೆ. ನೀವು ಮಾಡಬೇಡಿರಿ, ಬೆಸುಗೆಯಲ್ಲಿ ಸೀಸ ಇರುತ್ತದೆ. ಕಾಕಾ ಉಗುಳಿ ಬಂದು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಹೇಳಿದರು.

“ಹೌದ್ರೀ ಸಾಹೇಬ್ರ. ತೊಳಿಯೂದು ಕಡಿಮಿ ಬಿದ್ದೈತಿ. ತಪ್ಪು ನಂದು.”

ಸಾಹೇಬರು ಕೂಗಾಡುವವರಲ್ಲ. ನಾಳೆಯಿಂದ ಬರಬೇಡಿರಿ ಅಂತ ಮೆಲ್ಲಗೆ ಹೇಳಿದರು. ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು. ಕಾಕಾ ತಮ್ಮ ತಗಡಿನ ಕತ್ತರಿ, ಬೆಸುಗೆಯ ಕಬ್ಬಿಣ, ಗುರುತಿನ ಮೊಳೆ ಎಲ್ಲವನ್ನೂ ಒಂದು ಗೋಣಿಯಲ್ಲಿ ಸುತ್ತಿಕೊಂಡು ಹೋದರು. ನಾನು ಅರವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ನವಸಾಗರದ್ದೇ ತಪ್ಪೆಂದು ನಾನೂ ನಂಬಿದೆ. ನಮ್ಮ ಕಡೆ ಬರಲಿಲ್ಲವಲ್ಲ ಅಂತ ಒಳಗೆ ಹಗುರವೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಕಿಲುಬು ಕೆರೆಯಲು ನಮ್ಮಿಬ್ಬರನ್ನು ಕೂಡಿಸಿದರು. ಮೂರನೆಯ ಪೆಟ್ಟಿಗೆ ಕೈಗೆ ಬಂದಾಗ ಕಣ್ಣಿಗೆ ಬಿತ್ತು. ಹಣಿಗೆಯ ಕೊನೆಯ ಹಲ್ಲು ಒಳಗೆ ಮಡಚಿತ್ತು. ನಾಲ್ಕನೆಯದು ನೋಡಿದೆ, ಮಡಚಿತ್ತು. ಎದ್ದು ಹೋಗಿ ಇಪ್ಪತ್ತೊಂದನ್ನೂ ನೋಡಿದೆ. ಇಪ್ಪತ್ತೊಂದೂ ನನ್ನವೇ, ನನ್ನ ಇಪ್ಪತ್ತೆರಡರಲ್ಲಿ ಒಂದು ಮಾತ್ರ ತಿರುಗಿ ಬಂದಿರಲಿಲ್ಲ. ನವಸಾಗರ ನಲವತ್ತಕ್ಕೂ ಬಿದ್ದಿತ್ತು. ಹುಣಸೆಹಣ್ಣು ಬಿದ್ದದ್ದು ನನ್ನ ಪೆಟ್ಟಿಗೆಗಳಿಗೆ ಮಾತ್ರ. ಹುಣಸೆಯ ಹುಳಿ ಪಟ್ಟಿಯ ಬುಡಕ್ಕೆ ಇಳಿದು ಕೂತಿತ್ತು, ಮಳೆಯ ತಂಪು ಹತ್ತಿದ ಕೂಡಲೇ ಕಿಲುಬೆದ್ದಿತ್ತು.

ಗಂಗವ್ವನೂ ನೋಡಿದ್ದಳು. ಆಕೆಯ ಕಣ್ಣು ಚೂಪು.

“ಇವೆಲ್ಲಾ ನಿನ್ನ ಹಲ್ಲು ಅದಾವಲ್ಲ ಬೇ” ಅಂದಳು. ಆಕೆ ಕೆರೆಯುತ್ತಲೇ ಅಂದಳು, “ನಾ ಏನೂ ನೋಡಿಲ್ಲ ಬಿಡು. ಕಾಕಾ ಹೋಗಿ ಆತು. ನೀ ಹೋದ್ರ ನಿನ್ನ ಮಗಳಿಗೆ ಹಾಲು ಯಾರ್ ಹಾಕ್ತಾರ?”

ಆಕೆ ಒಳ್ಳೆಯದಕ್ಕೇ ಹೇಳಿದಳು. ಎರಡು ದಿನ ನಾನೂ ಅದನ್ನೇ ಹೇಳಿಕೊಂಡೆ. ಕೆಲಸ ಹೋದರೆ ಬೇರೆ ಏನೂ ಇರಲಿಲ್ಲ. ಕೂಲಿಗೆ ಹೋಗೋಣವೆಂದರೆ ಬೆಳೆ ನಿಂತ ಹೊಲದಲ್ಲಿ ಕಳೆ ಮುಗಿದಿತ್ತು. ಆದರೆ ಮೂರನೆಯ ದಿನ ಬೆಂಚಿಗೆ ಕೂತರೆ ಎದುರಿಗೆ ಕಾಕಾನ ಕುಲುಮೆ ಖಾಲಿ ಇತ್ತು, ಅದರ ಮೇಲೆ ಯಾರೋ ಚಹಾದ ಕಪ್ಪು ಇಟ್ಟಿದ್ದರು. ಅದನ್ನು ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಎರಡು ಪೆಟ್ಟಿಗೆ ಕಂಕುಳಲ್ಲಿ ಹಿಡಿದು ಸಾಹೇಬರ ಮೇಜಿನ ಮೇಲೆ ಇಟ್ಟೆ.

“ಈ ಕಿಲುಬು ನಂದ್ರಿ ಸಾಹೇಬ್ರ.”

ಇಮಾಮಸಾಬರೇ ಒಪ್ಪಿಕೊಂಡಿದ್ದಾರಲ್ಲ ಅಂದರು ಸಾಹೇಬರು.

“ಅವರು ಒಪ್ಪಿದ್ರ ಒಪ್ಪಲ್ರಿ. ನವಸಾಗರ ನಲವತ್ತಕ್ಕೂ ಹಚ್ಯಾರ. ಗಂಗವ್ವನ ಪೆಟಿಗಿ ಒಂದರೆ ತಿರುಗಿ ಬಂದೈತೇನ್ರಿ? ಬಂದವೆಲ್ಲಾ ನನ್ನವ. ಹುಣಸಿಹಣ್ಣು ಹಚ್ಚಿ ತಿಕ್ಕೇನಿ.” ಮಡಚಿದ ಹಲ್ಲನ್ನು ಬೆರಳಿಟ್ಟು ತೋರಿಸಿದೆ.

ಸಾಹೇಬರು ಪೆಟ್ಟಿಗೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಆ ಅಧಿಕಾರಿಯ ಮಾತು ನೆನಪಾಗಿರಬೇಕು. “ಹೊಳಪು ನೋಡಿ ನಾನೂ ಹಿಗ್ಗಿದೆನಲ್ಲವಾ” ಅಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, “ಇಮಾಮಸಾಬರನ್ನ ನೀನ ಹೋಗಿ ಕರಕೊಂಡು ಬಾ. ಅವರು ಬಂದ್ರ ಇಬ್ಬರೂ ಕೂತು ಇವನ್ನೆಲ್ಲ ಹೊಸದಾಗಿ ಮಾಡಿಕೊಡ್ರಿ. ಬರೂದಿಲ್ಲ ಅಂದ್ರ ನಿನಗೂ ಇಲ್ಲಿ ಕೆಲಸ ಇಲ್ಲ.”

ಅವತ್ತೇ ಹಳೇ ಹುಬ್ಬಳ್ಳಿಗೆ ಹೋದೆ. ಕಾಕಾ ಮನೆಯಲ್ಲಿ ಇರಲಿಲ್ಲ. ಎರಡು ಓಣಿ ಆಚೆ ಒಂದು ಬೇವಿನ ಗಿಡದ ಕೆಳಗೆ ನೆಲದಲ್ಲಿ ಕುಳಿ ತೋಡಿ ತಿದಿ ಹಚ್ಚಿಕೊಂಡು ಕೂತಿದ್ದರು. ಸುತ್ತ ಹೆಂಗಸರ ಕೊಡ, ತಪ್ಪೇಲಿ. ನನ್ನನ್ನು ನೋಡಿ ಪಕ್ಕದ ಕಲ್ಲು ತೋರಿಸಿದರು. ಕೂತೆ. ಸಾಹೇಬರಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಕೇಳುತ್ತ ಅರಳೆಯಿಂದ ತವರವನ್ನು ಕೊಡದ ಒಳಗೆ ಸವರುತ್ತಿದ್ದರು. ನಾನು ಮುಗಿಸಿದ ಮೇಲೆ ಅಂದರು:

“ಗೊತ್ತೈತಿ. ನಾಲಿಗಿಗೆ ಹಚ್ಚಿದಾಗ ಹುಳಿ ಇತ್ತು. ನವಸಾಗರ ಹುಳಿ ಇರೂದಿಲ್ಲ. ಮಡಚಿದ ಹಲ್ಲು ಯಾರದಂತ ನನಗ ಗೊತ್ತಿಲ್ಲೇನು?”

ಗೊತ್ತಿದ್ದೂ ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಅಂತ ಕೇಳಿದೆ.

“ನನಗ ಈ ಭಟ್ಟಿ ಐತಿ ನೀಲವ್ವಾ. ಊರಾಗ ತಾಮ್ರದ ಕೊಡ ಇರೂತನಕ ನನ್ನ ರೊಟ್ಟಿಗೆ ಅಡ್ಡಿಯಿಲ್ಲ. ನಿನಗ ಆ ಬೆಂಚ್ ಬಿಟ್ಟರ ಏನೈತಿ?”

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರೇನೋ. ನಾನು ಬೈದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. “ನನ್ನ ತಪ್ಪು ನನಗ ಬಿಡ್ರಿ ಕಾಕಾ” ಅಂದೆ. “ನಾ ಮಾಡಿದ್ದೆಲ್ಲಾ ನೀವು ಹೊತಗೊಂಡು ಹೋದ್ರ ನಾ ಕಲಿಯೂದು ಯಾವಾಗ? ನಾಳೆ ಮತ್ತೊಂದು ಪೆಟಿಗಿಗೆ ಮತ್ತ ಹುಣಸಿಹಣ್ಣು ಹಚ್ಚಿರತಿದ್ದೆ. ಹೊಳೀ ದಂಡಿಗೆ ಕುಂತಾಂವ ಮತ್ತ ಸೈಕಲ್ ತುಳೀಬೇಕೇನು?”

ಕಾಕಾ ಕೊಡವನ್ನು ಬೆಂಕಿಯಿಂದ ಇಳಿಸಿದರು. ನನ್ನ ಮಾತು ಅವರಿಗೆ ಹತ್ತಿತು. ನನ್ನ ಮಗಳ ವಿಷಯ ಯೋಚಿಸಿದ್ದರು, ಸೈಕಲ್ಲಿನವನ ವಿಷಯ ಯೋಚಿಸಿರಲಿಲ್ಲ. ಇನ್ನೂ ಐದು ಕೊಡ ಉಳಿದಿದ್ದವು. ಅವನ್ನು ಮುಗಿಸದೆ ಏಳುವುದಿಲ್ಲ ಅಂದರು. ತಿದಿಯನ್ನು ನನ್ನ ಕಡೆ ಸರಿಸಿದರು. ಐದು ಕೊಡ ಮುಗಿಯುವ ತನಕ ತಿದಿ ಒತ್ತಿದೆ. ಸೆರಗೆಲ್ಲ ಮಸಿಯಾಯಿತು.

ಅದಾದ ಮೇಲೆ ಕೆಲಸದ ರೀತಿ ಬಹಳ ಬದಲಾಯಿತು. ತಾಮ್ರದ ಸಣ್ಣ ತಂತಿಯನ್ನು ಜಡೆಯ ಹಾಗೆ ಹೆಣೆದು ಮುಚ್ಚಳದ ಅಂಚಿಗೆ ಕೂಡಿಸುವುದು ಬಂತು. ಅದನ್ನೂ ನಾನೂ ಗಂಗವ್ವನೂ ಕೈಯಿಂದಲೇ ಹೆಣೆದೆವು. ರೇಡಿಯೋದ ಹಾಡು ಹೋಗಿ ಮುಳ್ಳು ಓಡುವ ಮೀಟರು ಬಂತು. ಈಗ ಪಟ್ಟಿಗಳು ಕಟ್ಟು ಕಟ್ಟಾಗಿ ಹೊರಗಿನಿಂದ ಬರುತ್ತವೆ, ಕಿಲುಬೇ ಹತ್ತುವುದಿಲ್ಲವಂತೆ. ಚಲೋ ಆಯಿತು. ಹಳೆಯದೇ ಚೆಂದವಿತ್ತು ಅಂತ ನಾನು ಹೇಳುವುದಿಲ್ಲ. ನನ್ನ ಬೆರಳು ಈಗ ಮುಷ್ಟಿ ಕಟ್ಟುವುದಿಲ್ಲ. ಒಂದೇ ಮಾತು ಹೇಳುತ್ತೇನೆ. ಪಾಸಾದ ಪೆಟ್ಟಿಗೆಗೆ ಆಮೇಲೆ ಏನನ್ನೂ ಹಚ್ಚಬೇಡಿರಿ. ಹಚ್ಚಿದರೆ ಹಚ್ಚಿದ್ದೇನೆ ಅಂತ ಹೇಳಿರಿ.

ಉಳಿದದ್ದು ಆ ಇಪ್ಪತ್ತೊಂದು ಪೆಟ್ಟಿಗೆಗಳು.

ಕಾಕಾ ಬಂದ ದಿನ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಸಾಹೇಬರು ಕುಲುಮೆಯ ಮೇಲಿದ್ದ ಚಹಾದ ಕಪ್ಪನ್ನು ತಾವೇ ಎತ್ತಿಕೊಂಡು ಹೋದರು. ಕಾಕಾ ಗೋಣಿ ಬಿಚ್ಚಿ ಸಾಮಾನು ಹೊಂದಿಸಿ, ಒಂದು ಹಳೆಯ ಅರದ ತುಂಡನ್ನು ತಿಕ್ಕಿ ತಿಕ್ಕಿ ಮೊಳೆ ಮಾಡಿದರು. ಅದರ ತುದಿಗೆ ಮೂರು ಚುಕ್ಕೆ, ಹೊಲಿಗೆಯ ಹಾಗೆ ಸಾಲಾಗಿ. ನನ್ನ ಕೈಗೆ ಕೊಟ್ಟು ಹೇಳಿದರು, “ಇನ್ನ ಮ್ಯಾಲ ನಿನ್ನ ಹಣಿಗಿಗೆ ನಿನ್ನ ಗುರುತು. ತಪ್ಪಾದ್ರ ನಿನ್ನ ಕಡೇನ ಬರಲಿ.”

ಗಂಗವ್ವನಿಗೂ ಒಂದು ಮಾಡಿಕೊಟ್ಟರು. ಆಕೆಯದು ಒಂದೇ ಗೆರೆ. ನನಗೂ ಮೂರು ಚುಕ್ಕೆ ಮಾಡಬೇಕಿತ್ತು ಅಂತ ಜಗಳ ತೆಗೆದಳು.

ಹಳೆಯ ಹಣಿಗೆಗಳನ್ನೆಲ್ಲ ಕಾಯಿಸಿ ಕಿತ್ತೆವು. ಹೊಸ ಪಟ್ಟಿ ಕತ್ತರಿಸಿದೆ, ಬಗ್ಗಿಸಿದೆ. ಕಾಕಾ ಬೆಸೆದರು. ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಮೂರು ನೀರಿನಲ್ಲಿ ಜಾಲಿಸಿ, ಬಿಸಿ ಉಸುಕಿನಲ್ಲಿ ಒಣಗಿಸಿದೆವು. ಒಂದೊಂದು ಪೆಟ್ಟಿಗೆ ಒಣಗಿದ ಮೇಲೂ ಮೊದಲು ನಾನು ನಾಲಿಗೆಯ ತುದಿ ಮುಟ್ಟಿಸಿ ನೋಡುತ್ತಿದ್ದೆ. ಹುಳಿಯಿಲ್ಲ, ಉಪ್ಪಿಲ್ಲ, ಬರೇ ತಂಪು ಲೋಹ. ಆಮೇಲೆ ಕಾಕಾನ ಕಡೆ ದಾಟಿಸುತ್ತಿದ್ದೆ. ಅವರೂ ಮುಟ್ಟಿಸಿ ನೋಡಿ ಉಗುಳುತ್ತಿದ್ದರು. ಒಂದನೆಯದು, ಎರಡನೆಯದು, ಹತ್ತನೆಯದು. ಏಳನೆಯದನ್ನು ತಿರುಗಿ ಕೊಟ್ಟರು, ಇನ್ನೊಂದು ಸಲ ಜಾಲಿಸಿದೆ. ಹದಿಮೂರನೆಯದನ್ನು ನಾನೇ ಅವರಿಗೆ ಕೊಡದೆ ತೊಟ್ಟಿಗೆ ಹಾಕಿದೆ. ಅವರು ಕೇಳಲಿಲ್ಲ. ಹೀಗೆ ಒಂಬತ್ತು ದಿನ.

ಇಪ್ಪತ್ತೊಂದನೆಯದು ಕೊನೆಯ ದಿನ ಮಧ್ಯಾಹ್ನ ಒಣಗಿತು. ಹೊರಗೆ ಮೋಡ ಮುಸುಕಿತ್ತು, ಜಿನ್ನು ಬಂದ್ ಆಗಿತ್ತು. ಗಂಗವ್ವ ರೇಡಿಯೋ ಹಚ್ಚಿದ್ದಳು. ನಾನು ಹಣಿಗೆಗೆ ಸುತ್ತಲೂ ನಾಲಿಗೆ ಮುಟ್ಟಿಸಿ ನೋಡಿದೆ. ಕೊನೆಯ ಹಲ್ಲನ್ನು ಎರಡು ಸಲ ನೋಡಿದೆ. ಮೂರು ಚುಕ್ಕೆ ಹೊಡೆದೆ. ಕಾಕಾನ ಕಡೆ ದಾಟಿಸಿದೆ.

ಅವರು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದರು. ನಾಲಿಗೆಗೆ ಹಚ್ಚಲಿಲ್ಲ. ಅರ್ಧಚಂದ್ರ ಹೊಡೆದು, ಗುಂಗಿಯನ್ನು ಒಳಗಿಟ್ಟು, ಮುಚ್ಚಳ ಒತ್ತಿದರು. ಹಾಡು ತಿಳಿಯಾಗಿ ಬಂತು.